ಗೊಬ್ಬರ ಹಾಕಿದ ಹೊಲದಲ್ಲಿ ಕಳೆನಾಶಕ ಕೈಕೊಟ್ಟಾಗ: ದೋಷ ಹುಡುಕುವ ಕೈಪಿಡಿ

ಮೆಕ್ಕೆಜೋಳ ಬಿತ್ತಿ ಮರುದಿನವೇ ಅಟ್ರಾಜಿನ್ ಅನ್ನುವ ಕಳೆನಾಶಕ ಹೊಡೆದಿರುತ್ತೀರಿ. ಅಳತೆ ಸರಿ, ನೀರು ಸರಿ, ನೆಲದಲ್ಲಿ ಹಸಿಯೂ ಇತ್ತು. ಇಪ್ಪತ್ತು ದಿನ ಬಿಟ್ಟು ನೋಡಿದರೆ ಸಾಲಿನ ನಡುವೆಲ್ಲಾ ಕಳೆ. ಪಕ್ಕದ ಹೊಲದವರು ಅದೇ ಅಂಗಡಿಯಿಂದ ಅದೇ ಪಾಕೀಟು ತಂದಿದ್ದರು, ಅಲ್ಲಿ ನೆಲ ಚೊಕ್ಕವಾಗಿದೆ. ನೀವು ಈ ವರ್ಷ ಟ್ರ್ಯಾಕ್ಟರ್‌ಗಟ್ಟಲೆ ತಿಪ್ಪೆ ಗೊಬ್ಬರ ಹೇರಿಸಿದ್ದೀರಿ, ಅವರು ಹಾಕಿಲ್ಲ. ವ್ಯತ್ಯಾಸ ಇಷ್ಟೇ.

ಇಂಥ ಹೊತ್ತಿನಲ್ಲಿ ಎರಡು ತೀರ್ಮಾನ ಬಾಯಿಗೆ ಬೇಗ ಬರುತ್ತವೆ. ಅಂಗಡಿಯವರು ನಕಲಿ ಕೊಟ್ಟರು ಅನ್ನುವುದು ಒಂದು. ಮುಂದಿನ ಸಲ ಡಬಲ್ ಡೋಸ್ ಹೊಡೆದರಾಯಿತು ಅನ್ನುವುದು ಇನ್ನೊಂದು. ಎರಡನೆಯದೇ ಜಾಸ್ತಿ ಅಪಾಯ. ಯಾಕೆಂದರೆ ಗೊಬ್ಬರ ಹಿಡಿದಿಟ್ಟುಕೊಂಡ ಔಷಧಿ ಎಲ್ಲೂ ಹೋಗಿರುವುದಿಲ್ಲ. ಮುಂದಿನ ಬೆಳೆಯ ಹೊತ್ತಿಗೆ ನಿಧಾನವಾಗಿ ಬಿಟ್ಟುಕೊಡಬಹುದು. ಡೋಸ್ ಮುಟ್ಟುವ ಮೊದಲು ದೋಷ ಎಲ್ಲಿದೆ ಅಂತ ಹುಡುಕೋಣ.

ಮೊದಲು ಲೆಕ್ಕ

ಬಿತ್ತಿದ ಮೇಲೆ ನೆಲಕ್ಕೆ ಹೊಡೆಯುವ ಔಷಧಿ ಮಣ್ಣಿನ ನೀರಿನಲ್ಲಿ ಕರಗಿ, ಮೊಳೆಯುವ ಕಳೆಯ ಬೇರಿಗೆ ಸಿಗಬೇಕು. ಕಣಕ್ಕೆ ಅಂಟಿಕೊಂಡು ಕೂತ ಔಷಧಿ ಆ ಹೊತ್ತಿಗೆ ಇಲ್ಲದ ಹಾಗೆಯೇ. ಹೀಗೆ ಅಂಟಿಸಿಕೊಳ್ಳುವುದರಲ್ಲಿ ಮಣ್ಣಿನ ಸಾವಯವ ಅಂಶ ಎಲ್ಲಕ್ಕಿಂತ ಮುಂದು. ಒಂದು ಕೆಜಿ ಸಾವಯವ ಇಂಗಾಲ ಹಿಡಿದುಕೊಳ್ಳುವ ಅಟ್ರಾಜಿನ್ ಸುಮಾರು 100 ಲೀಟರ್ ನೀರಿನಲ್ಲಿ ಕರಗಿರುವಷ್ಟು. ಪೆಂಡಿಮೆಥಾಲಿನ್ ಅನ್ನುವ ಇನ್ನೊಂದು ಕಳೆನಾಶಕವಾದರೆ 10,000 ಲೀಟರ್ ನೀರನ್ನೂ ಮೀರುತ್ತದೆ. ಮೆಟ್ರಿಬ್ಯುಜಿನ್ ಅನ್ನುವ ಮೂರನೆಯದು ಅಟ್ರಾಜಿನ್‌ಗಿಂತ ಸಡಿಲ, ನೀರಿನ ಜೊತೆ ಸುಲಭವಾಗಿ ಓಡುತ್ತದೆ.

ಈಗ ಒಂದು ಎಕರೆಗೆ 5 ಟನ್ ಕೊಟ್ಟಿಗೆ ಗೊಬ್ಬರ ಹಾಕಿದ್ದೀರಿ ಅಂತಿಟ್ಟುಕೊಳ್ಳಿ. ಅರ್ಧ ನೀರು ಅಂದರೆ ಒಣ ಲೆಕ್ಕದಲ್ಲಿ ಎರಡೂವರೆ ಟನ್. ಅದರಲ್ಲಿ ಐದನೇ ಒಂದು ಭಾಗ ಇಂಗಾಲ ಅಂದರೂ 500 ಕೆಜಿ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 9 ಲಕ್ಷ ಕೆಜಿ ತೂಗುತ್ತದೆ. ಗೊಬ್ಬರವನ್ನು ನೇಗಿಲು ಹೊಡೆದು ಅಷ್ಟು ಆಳಕ್ಕೂ ಬೆರೆಸಿದರೆ ಸಾವಯವ ಇಂಗಾಲ ಏರುವುದು ಬರೀ ಶೇ 0.05. ನಿಮ್ಮ ಮಣ್ಣು ಆರೋಗ್ಯ ಚೀಟಿಯಲ್ಲಿ 0.45 ಇದ್ದದ್ದು 0.50 ಆಗುತ್ತದೆ, ಅಷ್ಟೇ.

ಅದೇ ಗೊಬ್ಬರ ಮೇಲಿನ ಎರಡೂವರೆ ಸೆಂಟಿಮೀಟರ್‌ನಲ್ಲೇ, ಅಂದರೆ ಒಂದು ಇಂಚಿನಲ್ಲೇ ಉಳಿದರೆ? ಅಲ್ಲಿರುವ ಮಣ್ಣು ಒಂದೂವರೆ ಲಕ್ಷ ಕೆಜಿ ಮಾತ್ರ. ಆಗ ಇಂಗಾಲ ಶೇ 0.33 ಏರುತ್ತದೆ. 0.45 ಇದ್ದದ್ದು 0.78ಕ್ಕೆ ಹೋಗುತ್ತದೆ. ಚೀಟಿಯಲ್ಲಿ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಹೆಚ್ಚು ಅಂತ ಬರೆಯುತ್ತಾರೆ ಅಲ್ವಾ? ಒಂದೇ ಗೊಬ್ಬರ, ಒಂದೇ ಹೊಲ, ಆದರೆ ಮೇಲ್ಪದರ ಕಡಿಮೆಯಿಂದ ಹೆಚ್ಚಿಗೆ ನೆಗೆದುಬಿಟ್ಟಿತು. ಕಳೆ ಬೀಜ ಮೊಳೆಯುವುದೂ, ಔಷಧಿ ಬೀಳುವುದೂ ಅದೇ ಒಂದು ಇಂಚಿನಲ್ಲಿ.

ನೂರು ಕೆಜಿ ಮಣ್ಣಿಗೆ 20 ಲೀಟರ್ ತೇವ ಇದೆ ಅಂದುಕೊಂಡರೆ, 0.45 ಇರುವಲ್ಲಿ ಹೊಡೆದ ಅಟ್ರಾಜಿನ್‌ನಲ್ಲಿ ಶೇ 31ರಷ್ಟು ನೀರಿನಲ್ಲಿರುತ್ತದೆ. 0.50ಕ್ಕೆ ಅದು ಶೇ 29. 0.78ಕ್ಕೆ ಶೇ 20. ಆಳಕ್ಕೆ ಬೆರೆಸಿದರೆ ಲೆಕ್ಕಕ್ಕೆ ಬಾರದಷ್ಟು ಇಳಿಕೆ, ಮೇಲೆ ಬಿಟ್ಟರೆ ಮೂರನೇ ಒಂದು ಭಾಗ ಖೋತಾ. ಇದು ಅಂದಾಜು ಲೆಕ್ಕ, ಹಸಿ ಗೊಬ್ಬರ, ಕಳಿತ ಗೊಬ್ಬರ, ಇದ್ದಿಲು ಒಂದೇ ಥರ ಹಿಡಿಯುವುದಿಲ್ಲ. ಆದರೂ ಹೊಲದಲ್ಲಿ ಕಾಣುವ ಬಹುಪಾಲು ತೊಂದರೆಗೆ ಬೀಗದ ಕೈ ಇದೇ: ಎಷ್ಟು ಗೊಬ್ಬರ ಅನ್ನುವುದಕ್ಕಿಂತ ಅದು ಎಲ್ಲಿ ಕೂತಿದೆ ಅನ್ನುವುದು ಮುಖ್ಯ.

ಕಳೆ ಯಾವ ಆಕಾರದಲ್ಲಿ ಎದ್ದಿದೆ?

ಹೊಲಕ್ಕೆ ಇಳಿದು ಸುಮ್ನೆ ಬದುವಿನ ಮೇಲಿಂದ ನೋಡಿ ಬರಬೇಡಿ. ಅಡ್ಡಲಾಗಿ ಒಂದು ಸಲ, ಉದ್ದಕ್ಕೆ ಒಂದು ಸಲ ನಡೆಯಿರಿ.

ಕಳೆ ದುಂಡಗೆ, ಗುಂಪು ಗುಂಪಾಗಿ ಎದ್ದಿದೆಯಾ? ಗೊಬ್ಬರ ಹೇರಿದಾಗ ಸಾಲಾಗಿ ಗುಡ್ಡೆ ಹಾಕಿ, ಆಮೇಲೆ ಎರಚುತ್ತೇವೆ. ಗುಡ್ಡೆ ಇದ್ದ ಜಾಗದಲ್ಲಿ ಎಷ್ಟು ಬಾಚಿದರೂ ಒಂದು ಪದರ ಉಳಿದೇ ಉಳಿಯುತ್ತದೆ. ಆ ಜಾಗದಲ್ಲಿ ಕುಳಿತು ಮೇಲಿನ ಮಣ್ಣನ್ನು ಬೆರಳಲ್ಲಿ ಕೆದರಿ. ಕಪ್ಪಗೆ, ಹಗುರಾಗಿ, ನಾರುನಾರಾಗಿ ಸಿಕ್ಕರೆ ಕಾರಣ ಸಿಕ್ಕಿತು. ಎರಡು ಹೆಜ್ಜೆ ಆಚೆ ಅದೇ ಮಣ್ಣು ಕೆಂಪಗೆ, ಬಿಗಿಯಾಗಿ ಇರುತ್ತದೆ, ಅಲ್ಲಿ ಕಳೆಯೂ ಇರುವುದಿಲ್ಲ. ಗುಡ್ಡೆಗಳ ನಡುವಿನ ಅಂತರವೂ ಕಳೆ ಗುಂಪುಗಳ ಅಂತರವೂ ತಾಳೆಯಾದರೆ ಬೇರೆ ಪರೀಕ್ಷೆಯೇ ಬೇಡ.

ಚೌಕಚೌಕವಾಗಿ ಎದ್ದಿದ್ದರೆ ಕುರಿ ಮಂದೆ ನಿಲ್ಲಿಸಿದ್ದು ನೆನಪು ಮಾಡಿಕೊಳ್ಳಿ. ಪ್ರತಿ ರಾತ್ರಿ ಮಂದೆ ಜಾಗ ಬದಲಿಸುತ್ತಾ ಹೋಗುತ್ತದೆ. ಹಿಕ್ಕೆ ನೆಲದ ಮೇಲೇ ಉಳಿದಿರುತ್ತದೆ. ಮಳೆ ಬಂತೆಂದು ಉಳದೆ ಬರೀ ಕುಂಟೆ ಹೊಡೆದು ಬಿತ್ತಿದ ಹೊಲದಲ್ಲಿ ಇದು ಎದ್ದು ಕಾಣುತ್ತದೆ.

ಉದ್ದುದ್ದ ಪಟ್ಟಿಯಾಗಿ ಕಳೆ ಇದ್ದರೆ ಗೊಬ್ಬರವನ್ನು ಬೈಯಬೇಡಿ. ಅದು ಪಂಪಿನ ತಪ್ಪು. ನಾಜಲ್ ಕಟ್ಟಿದೆ, ಇಲ್ಲವೇ ಹೊಡೆಯುವವರು ಸಾಲು ಬಿಟ್ಟಿದ್ದಾರೆ. ನೆಲಕ್ಕೆ ಹೊಡೆಯುವ ಔಷಧಿಗೆ ಬೀಸಣಿಗೆಯಂತೆ ಚಪ್ಪಟೆ ಹರಡುವ ನಾಜಲ್ ಬೇಕು. ಕೀಟನಾಶಕಕ್ಕೆ ಬಳಸುವ ದುಂಡು ತುಂತುರಿನ ನಾಜಲ್ ಸಮನಾಗಿ ಹೊದಿಸುವುದಿಲ್ಲ.

ಹೊಲದ ತುಂಬ ಒಂದೇ ಸಮ ಇದ್ದರೆ ಯಾವ ಕಳೆ ಅಂತ ನೋಡಿ. ಜೇಕು, ಗರಿಕೆ ಇದ್ದರೆ ಮಾತು ಮುಗಿಯಿತು. ಗಡ್ಡೆಯಿಂದ, ಬೇರಿನಿಂದ ಬರುವ ಕಳೆಗೆ ಅಟ್ರಾಜಿನ್ನೂ ಪೆಂಡಿಮೆಥಾಲಿನ್ನೂ ಮೊದಲೇ ಲಗಾಮಲ್ಲ. ಮುಳ್ಳುಹರಿವೆಯಂಥ, ನಿಮ್ಮ ಹೊಲದಲ್ಲಿ ಮುಂಚೆ ಇಲ್ಲದ ಕಳೆ ಒಮ್ಮೆಲೇ ತುಂಬಿಕೊಂಡಿದ್ದರೆ ಬೀಜ ಗೊಬ್ಬರದ ಜೊತೆಯೇ ಬಂದಿದೆ. ತಿಪ್ಪೆ ಸರಿಯಾಗಿ ಕಾದು, ಒಳಗೆ 55ರಿಂದ 60 ಡಿಗ್ರಿ ಬಿಸಿ ಕೆಲವು ದಿನ ನಿಂತರೆ ಬಹಳಷ್ಟು ಕಳೆ ಬೀಜ ಸಾಯುತ್ತವೆ. ತಿರುವಿ ಹಾಕದ ತಿಪ್ಪೆಯ ಹೊರಗಿನ ಪದರಕ್ಕೆ ಆ ಬಿಸಿ ತಾಗುವುದೇ ಇಲ್ಲ.

ಯಾವಾಗ ಎದ್ದಿತು?

ಆಕಾರದಷ್ಟೇ ಮುಖ್ಯ ಸಮಯ. ಬಿತ್ತಿದ ವಾರದಿಂದಲೇ ಕಳೆ ಎದ್ದು ನಿಂತಿದ್ದರೆ ಔಷಧಿ ಅದಕ್ಕೆ ಸಿಗಲೇ ಇಲ್ಲ. ಗೊಬ್ಬರ ಹಿಡಿದುಕೊಂಡಿರಬಹುದು, ಇಲ್ಲವೇ ನೆಲ ಒಣಗಿತ್ತು. ಒಣ ಮಣ್ಣಿನಲ್ಲಿ ಔಷಧಿ ಕರಗುವುದಿಲ್ಲ, ಕಣಕ್ಕೆ ಇನ್ನೂ ಬಿಗಿಯಾಗಿ ಅಂಟುತ್ತದೆ. ಹೊಡೆದ ಮೇಲೆ ವಾರದೊಳಗೆ ಹದ ಮಳೆ ಆಗದಿದ್ದರೆ ಗೊಬ್ಬರ ಹಾಕದ ಹೊಲದಲ್ಲೂ ಹೀಗೇ ಆಗುತ್ತದೆ. ಅದಕ್ಕೇ ಪಕ್ಕದ ಹೊಲದವರು ಯಾವ ದಿನ ಹೊಡೆದರು, ಅವರಿಗೆ ಆಮೇಲೆ ಮಳೆ ಸಿಕ್ಕಿತಾ ಅಂತ ಕೇಳಿ.

ಮೊದಲು ಸ್ವಚ್ಛವಾಗಿದ್ದ ಹೊಲ ಮೂರನೇ ವಾರದಲ್ಲಿ ದಿಢೀರನೆ ಹಸಿರಾದರೆ ಕಥೆ ಬೇರೆ. ಔಷಧಿ ಕೆಲಸ ಮಾಡಿದೆ, ಆದರೆ ಬೇಗ ಒಡೆದು ಕರಗಿಹೋಗಿದೆ. ಮಣ್ಣಿನಲ್ಲಿ ಅಟ್ರಾಜಿನ್ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಒಂದೆರಡು ತಿಂಗಳು ಬೇಕು. ವರ್ಷವರ್ಷವೂ ಅದೇ ಔಷಧಿ ಬಿದ್ದ ಹೊಲದಲ್ಲಿ ಅದನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾ ಬೆಳೆದುಕೊಳ್ಳುತ್ತವೆ. ಅಟ್ರಾಜಿನ್‌ನ ಅಣುವಿನಲ್ಲಿ ಐದು ಸಾರಜನಕ ಪರಮಾಣುಗಳಿವೆ, ಈ ಬ್ಯಾಕ್ಟೀರಿಯಾಗೆ ಬೇಕಾದ್ದು ಅದೇ. ಅಂಥ ಮಣ್ಣಿಗೆ ಹುಲ್ಲು, ಹೊಟ್ಟಿನಂಥ ಸಾರಜನಕ ಕಡಿಮೆ ಇರುವ ವಸ್ತು ಸೇರಿದರೆ ಅವು ಸಾರಜನಕಕ್ಕಾಗಿ ಅಟ್ರಾಜಿನ್ ಮೇಲೆ ಬೀಳುವುದು ಹೆಚ್ಚಾಗಬಹುದು.

ಕೋಳಿ ಗೊಬ್ಬರದಲ್ಲಿ ಇದು ತಲೆಕೆಳಗು. ಅದರಲ್ಲಿ ಸಾರಜನಕ ಸುಲಭವಾಗಿ, ಧಾರಾಳವಾಗಿ ಸಿಗುತ್ತದೆ. ಬ್ಯಾಕ್ಟೀರಿಯಾ ಅಟ್ರಾಜಿನ್ ಒಡೆಯುವ ಕಷ್ಟ ಯಾಕೆ ಪಡುತ್ತವೆ? ಹಾಗಾಗಿ ಕೋಳಿ ಗೊಬ್ಬರ ಸುರಿದ ಹೊಲದಲ್ಲಿ ಔಷಧಿ ಜಾಸ್ತಿ ದಿನ ಉಳಿಯುವ ಸಾಧ್ಯತೆ ಇದೆ. "ಸಾವಯವ ಗೊಬ್ಬರ ಹಾಕಿದರೆ ಔಷಧಿ ಬೇಗ ಕರಗುತ್ತದೆ" ಅನ್ನುವ ಮಾತನ್ನು ಎಲ್ಲ ಗೊಬ್ಬರಕ್ಕೂ ಅನ್ವಯಿಸುವುದನ್ನು ದಯವಿಟ್ಟು ಬಿಡಿ. ಯಾವ ಗೊಬ್ಬರ, ಎಷ್ಟು ಕಳಿತಿದೆ ಅಂತ ಕೇಳದೆ ಉತ್ತರ ಹೇಳಲು ಬರುವುದಿಲ್ಲ.

ಲೋಟದ ಪರೀಕ್ಷೆ

ಅನುಮಾನ ಉಳಿದರೆ ಮನೆ ಜಗುಲಿಯ ಮೇಲೇ ಪರೀಕ್ಷೆ ಮಾಡಬಹುದು. ಬೇಕಾದ್ದು 10 ಸೆಂಟಿಮೀಟರ್ ಅಗಲದ ಕೆಲವು ಡಬ್ಬಿ, ಸಾಸಿವೆ ಬೀಜ, ಸೂಜಿ ತೆಗೆದ ಸಿರಿಂಜು. ಡಬ್ಬಿಗೆ ತೂತು ಬೇಡ, ನೀರನ್ನು ಹನಿಸಿ ಕೊಡಿ, ಕೆಸರಾಗಲು ಬಿಡಬೇಡಿ.

ಮಣ್ಣು ಎರಡು ಕಡೆಯಿಂದ ತನ್ನಿ. ಒಂದು, ಗೊಬ್ಬರ ಕೂತ ಜಾಗದ ಮೇಲಿನ ಒಂದು ಇಂಚು. ಇನ್ನೊಂದು, ಗೊಬ್ಬರವೂ ಔಷಧಿಯೂ ಬೀಳದ ಮೂಲೆಯದು. ಬದುವಿನ ಮಣ್ಣನ್ನೇ ತರುವುದಾದರೆ ಹುಲ್ಲು ಕೊಳೆತ ಮೇಲ್ಪದರ ಕೆರೆದು ಹಾಕಿ ಕೆಳಗಿನದು ತೆಗೆಯಿರಿ. ಇಲ್ಲದಿದ್ದರೆ ಅದೇ ಇನ್ನೊಂದು ಗೊಬ್ಬರದ ಮಣ್ಣಾಗಿ ಪರೀಕ್ಷೆ ಕೆಡುತ್ತದೆ.

ಶೇ 50ರ ಅಟ್ರಾಜಿನ್ ಪುಡಿ ಎಕರೆಗೆ 500 ಗ್ರಾಂ ಅಂದರೆ ಇಂಥ ಒಂದು ಡಬ್ಬಿಯ ಬಾಯಿಗೆ ಬೀಳುವುದು ಸುಮಾರು 1 ಮಿಲಿಗ್ರಾಂ. ಅದನ್ನು ತೂಗಲಾಗದು. ಅದಕ್ಕೆ ಎರಡೂವರೆ ಗ್ರಾಂ ಪುಡಿಯನ್ನು 10 ಲೀಟರ್ ನೀರಿಗೆ ಕಲಸಿ. ಅದರ 4 ಮಿಲಿಲೀಟರ್‌ನಲ್ಲಿ ಸರಿಯಾಗಿ 1 ಮಿಲಿಗ್ರಾಂ ಇರುತ್ತದೆ. ಪುಡಿ ತಳಕ್ಕೆ ಕೂರುತ್ತದೆ, ಪ್ರತಿ ಸಲ ಕಲಕಿಯೇ ಸಿರಿಂಜಿಗೆ ಎಳೆಯಿರಿ. ಕೈಗವಸು ಹಾಕಿಕೊಳ್ಳಿ, ಆ ಬಕೆಟ್ಟು ಸಿರಿಂಜು ಮತ್ತೆ ಮನೆ ಕೆಲಸಕ್ಕೆ ಬೇಡ. ಉಳಿದ ನೀರನ್ನು ಮೆಕ್ಕೆಜೋಳದ ಹೊಲಕ್ಕೇ ಹೊಡೆಯಿರಿ, ಚರಂಡಿಗೆ ಸುರಿಯಬೇಡಿ.

ಎರಡೂ ಮಣ್ಣಿನಲ್ಲಿ ಮೂರು ಮೂರು ಡಬ್ಬಿ ಮಾಡಿ: ಔಷಧಿ ಇಲ್ಲದ್ದು, 4 ಮಿಲಿಲೀಟರ್ ಹಾಕಿದ್ದು, 8 ಮಿಲಿಲೀಟರ್ ಹಾಕಿದ್ದು. ಪ್ರತಿಯೊಂದಕ್ಕೂ ಹತ್ತು ಸಾಸಿವೆ ಕಾಳು, ಬಿಸಿಲು ಬೀಳುವ ಕಡೆ ಇಡಿ. ಸಸಿ ಹುಟ್ಟಿತು ಅಂತ ನಾಲ್ಕನೇ ದಿನವೇ ತೀರ್ಪು ಕೊಡಬೇಡಿ. ಅಟ್ರಾಜಿನ್ ಮೊಳಕೆ ತಡೆಯುವುದಿಲ್ಲ, ಎಲೆ ಬೆಳಕಿನಲ್ಲಿ ಆಹಾರ ಮಾಡಿಕೊಳ್ಳುವುದನ್ನು ತಡೆಯುತ್ತದೆ. ಸಸಿ ಬೀಜದೊಳಗಿನ ಬುತ್ತಿ ಮುಗಿಯುವ ತನಕ ಚೆನ್ನಾಗಿಯೇ ನಿಂತು, ಆಮೇಲೆ ಎಲೆಯ ಅಂಚಿನಿಂದ ಹಳದಿಯಾಗಿ ಸುಡುತ್ತಾ ಬರುತ್ತದೆ. ಎರಡು ವಾರ ಕಾಯಿರಿ.

ಗೊಬ್ಬರವಿಲ್ಲದ ಮಣ್ಣಿನಲ್ಲಿ 4 ಮಿಲಿಲೀಟರ್‌ಗೇ ಸಸಿ ಸತ್ತು, ಗೊಬ್ಬರದ ಮಣ್ಣಿನಲ್ಲಿ ಬದುಕಿದರೆ ಔಷಧಿ ಚೆನ್ನಾಗಿದೆ, ಮಣ್ಣು ಹಿಡಿದುಕೊಂಡಿದೆ. ಎರಡರಲ್ಲೂ 8ಕ್ಕೂ ಸಾಯದಿದ್ದರೆ ಪಾಕೀಟಿನ ಮೇಲೆ ಅನುಮಾನ ಪಡಬಹುದು. ತಯಾರಾದ ತಾರೀಕು, ಬ್ಯಾಚ್ ನಂಬರ್, ರಸೀದಿ ಇಟ್ಟುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಔಷಧಿಯನ್ನೇ ಹಾಕದ ಗೊಬ್ಬರದ ಡಬ್ಬಿಯಲ್ಲೂ ಸಾಸಿವೆ ಸುಟ್ಟರೆ ಮಣ್ಣಿನಲ್ಲಿ ಹಳೆಯ ಶೇಷ ಇದೆ, ಇಲ್ಲವೇ ಗೊಬ್ಬರ ಇನ್ನೂ ಹಸಿಯಾಗಿ ಬಿಸಿ ಇದೆ.

ಪ್ರೆಸ್‌ಮಡ್, ಬೂದಿ, ರವದಿ

ಕಬ್ಬಿನ ಸೀಮೆಯಲ್ಲಿ ತೊಂದರೆಯ ರೂಪ ಬೇರೆ. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ಪ್ರೆಸ್‌ಮಡ್ಡನ್ನು (ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ) ಸಾಲಿನಲ್ಲೇ ಸುರಿಯುವವರಿದ್ದಾರೆ. ಹಾಗೆ ಸುರಿದಾಗ ಎಕರೆ ಲೆಕ್ಕ ಸುಳ್ಳಾಗುತ್ತದೆ, ಸಾಲಿನೊಳಗೆ ಅದು ಹಲವು ಪಟ್ಟು. ಅದರಲ್ಲಿ ಕಬ್ಬಿನ ಮೇಣದ ಅಂಶವೂ ಇರುತ್ತದೆ, ನೀರಿಗಿಂತ ಜಿಡ್ಡನ್ನು ಇಷ್ಟಪಡುವ ಔಷಧಿಗಳು ಅಲ್ಲೇ ಕೂರುತ್ತವೆ. ಸಾಲಿನೊಳಗೆ ಮಾತ್ರ ಕಳೆ, ಬೋದಿನ ಮೇಲೆ ಇಲ್ಲ ಅಂದರೆ ಇದನ್ನೇ ಮೊದಲು ನೋಡಿ.

ಕಾರ್ಖಾನೆಯ ಬಾಯ್ಲರ್ ಬೂದಿಯ ಬಣ್ಣ ನೋಡಿ. ಬಿಳಿ ಬೂದಿಯಲ್ಲಿ ಉರಿಯದ ಇಂಗಾಲ ಕಡಿಮೆ. ಕಪ್ಪು ಬೂದಿಯಲ್ಲಿ ಸಣ್ಣ ಇದ್ದಿಲು ತುಂಬಿರುತ್ತದೆ, ಅದು ಗೊಬ್ಬರಕ್ಕಿಂತ ಎಷ್ಟೋ ಗಟ್ಟಿಯಾಗಿ ಔಷಧಿಯನ್ನು ಹಿಡಿಯುತ್ತದೆ. ಮೇಲಾಗಿ ಬೂದಿ ಮಣ್ಣನ್ನು ಕ್ಷಾರದ ಕಡೆ ತಳ್ಳುತ್ತದೆ. ಪಿಎಚ್ 7 ದಾಟಿದ ಮಣ್ಣಿನಲ್ಲಿ ಅಟ್ರಾಜಿನ್ ನಿಧಾನಕ್ಕೆ ಒಡೆಯುತ್ತದೆ. ಹೀಗಾಗಿ ಬೂದಿ ಸುರಿದ ಎರೆ ಹೊಲದಲ್ಲಿ ಈ ವರ್ಷ ಕಳೆ ಉಳಿದು, ಮುಂದಿನ ಬೆಳೆಗೆ ಶೇಷವೂ ಕಾಡುವ ಸಾಧ್ಯತೆ ಇದೆ. ಬಯೋಚಾರ್ (ಮಣ್ಣಿಗೆ ಹಾಕಲೆಂದೇ ಮಾಡಿದ ಇದ್ದಿಲು) ಹಾಕುವವರೂ ಇದನ್ನು ನೆನಪಿಡಬೇಕು, ಇದ್ದಿಲು ಗೊಬ್ಬರದ ಹಾಗೆ ಒಂದು ಹಂಗಾಮಿಗೆ ಕರಗುವ ವಸ್ತುವಲ್ಲ.

ರವದಿ (ಕಬ್ಬಿನ ಒಣ ಎಲೆ) ಹಾಸಿದ ಮೇಲೆ ಹೊಡೆದ ಔಷಧಿ ರವದಿಗೇ ಬೀಳುತ್ತದೆ. ಮೆಟ್ರಿಬ್ಯುಜಿನ್, ಅಟ್ರಾಜಿನ್ ಆಮೇಲಿನ ಮಳೆಗೆ ಒಂದಷ್ಟು ತೊಳೆದು ಇಳಿಯುತ್ತವೆ. ಪೆಂಡಿಮೆಥಾಲಿನ್ ಬಹುಪಾಲು ಅಲ್ಲೇ ಉಳಿಯುತ್ತದೆ. ರವದಿ ದಪ್ಪಗಿದ್ದರೆ ಅದೇ ಕಳೆ ತಡೆಯುತ್ತದೆ, ಅದರ ಮೇಲೆ ಔಷಧಿ ಸುರಿಯುವುದು ದಂಡ.

ಗ್ಲೈಫೋಸೇಟ್ ಕೆಲಸ ಮಾಡಲಿಲ್ಲ ಅಂತ ಗೊಬ್ಬರದ ಮೇಲೆ ತಪ್ಪು ಹೊರಿಸುವವರಿಗೂ ಒಂದು ಮಾತು. ಅದು ಎಲೆಯ ಮೂಲಕ ಹೋಗುವ ಔಷಧಿ, ಮಣ್ಣು ಮುಟ್ಟಿದರೆ ಮುಖ್ಯವಾಗಿ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳಿಗೆ ಅಂಟುತ್ತದೆ. ಅಲ್ಲಿ ನೋಡಬೇಕಾದ್ದು ಟ್ಯಾಂಕಿಗೆ ಹಾಕಿದ ನೀರು: ಕೆಸರಿತ್ತಾ, ಬೋರಿನ ಗಡಸು ನೀರಾ ಅಂತ.

ಕಳೆ ಸತ್ತಿದೆ, ಬೆಳೆಯೂ ಸುಟ್ಟಿದೆ

ಇದು ಇನ್ನೊಂದು ತುದಿಯ ದೋಷ. ತೆಳು ಕೆಂಪು ಮಣ್ಣು, ಹಸಿ ಸ್ಲರಿ ಇಲ್ಲವೇ ಗಂಜಲ ಬಿಟ್ಟಿದ್ದೀರಿ, ಔಷಧಿ ಹೊಡೆದ ಬೆನ್ನಿಗೆ ಜೋರು ಮಳೆ. ಹಸಿ ಸ್ಲರಿಯಲ್ಲಿ ನೀರಿಗೆ ಕರಗುವ ಸಾವಯವ ಪದಾರ್ಥ ತುಂಬಾ ಇರುತ್ತದೆ. ಅದು ಔಷಧಿಯನ್ನು ಹಿಡಿದುಕೊಂಡೇ ನೀರಿನ ಜೊತೆ ಕೆಳಗಿಳಿಯಬಹುದು, ಇಲ್ಲವೇ ಮಣ್ಣಿನಲ್ಲಿ ಔಷಧಿ ಅಂಟಬೇಕಾದ ಜಾಗವನ್ನು ತಾನೇ ತುಂಬಿಕೊಳ್ಳಬಹುದು. ಕಳಿತ ಗೊಬ್ಬರ ತಡೆಯುತ್ತದೆ, ಹಸಿ ಸ್ಲರಿ ಕೆಲವೊಮ್ಮೆ ಸಾಗಿಸುತ್ತದೆ. ಹೊಲದ ತಗ್ಗಿನಲ್ಲಿ, ನೀರು ನಿಂತು ಹರಿದ ದಾರಿಯಲ್ಲಿ ಬೆಳೆ ಹಳದಿಯಾಗಿದ್ದರೆ ಇದರ ಗುರುತು. ಪಕ್ಕದಲ್ಲಿ ತೆರೆದ ಬಾವಿ ಇದ್ದರೆ ಇನ್ನೂ ಎಚ್ಚರ ಬೇಕು. ಅಂತರ್ಜಲದಲ್ಲಿ ಲೀಟರಿಗೆ 0.1 ಮೈಕ್ರೋಗ್ರಾಂ ಅನ್ನುವ ಮಿತಿ ಮೀರುತ್ತದೆ ಅನ್ನುವ ಆತಂಕದಿಂದಲೇ ಯುರೋಪಿನ ಒಕ್ಕೂಟ 2004ರಲ್ಲಿ ಅಟ್ರಾಜಿನ್ ಅನ್ನು ಅನುಮತಿ ಪಟ್ಟಿಯಿಂದ ಹೊರಗಿಟ್ಟಿತು.

ಮೆಕ್ಕೆಜೋಳದ ನಂತರ ಹಾಕಿದ ಹೆಸರು, ಸೋಯಾ, ತರಕಾರಿ ಸುಟ್ಟಂತಾದರೆ ಶೇಷದ ಪರೀಕ್ಷೆ ಮಾಡಿ. ಆ ಮಣ್ಣನ್ನು ಎರಡು ಪಾಲು ಮಾಡಿ, ಒಂದಕ್ಕೆ ಲೀಟರ್ ಮಣ್ಣಿಗೆ ಒಂದು ದೊಡ್ಡ ಚಮಚ ಸಕ್ರಿಯ ಇದ್ದಿಲಿನ (ಆಕ್ಟಿವೇಟೆಡ್ ಚಾರ್ಕೋಲ್) ಪುಡಿ ಬೆರೆಸಿ, ಎರಡಕ್ಕೂ ಸಾಸಿವೆ ಅಥವಾ ಸೌತೆ ಬಿತ್ತಿ. ಇದ್ದಿಲು ಹಾಕಿದ್ದರಲ್ಲಿ ಮಾತ್ರ ಸಸಿ ನಳನಳಿಸಿದರೆ ಔಷಧಿಯೇ ಕಾರಣ. ಎರಡರಲ್ಲೂ ಕುಗ್ಗಿದರೆ ಉಪ್ಪು, ರೋಗ, ಪೋಷಕಾಂಶದ ಕೊರತೆ ಕಡೆ ತಿರುಗಿ. ಒಲೆಯ ಇದ್ದಿಲು ಈ ಕೆಲಸಕ್ಕೆ ಅಷ್ಟು ನಂಬಿಕಸ್ತ ಅಲ್ಲ. ಶೇಷ ಇದೆ ಅಂತ ಗೊತ್ತಾದರೆ ಆ ತುಂಡಿಗೆ ಮತ್ತೆ ಮೆಕ್ಕೆಜೋಳವನ್ನೋ ಜೋಳವನ್ನೋ ಹಾಕಿ, ಅವು ಅಟ್ರಾಜಿನ್ ತಡೆದುಕೊಳ್ಳುತ್ತವೆ.

ಸರಿಪಡಿಸುವುದು

ಈ ಹಂಗಾಮಿನಲ್ಲಿ ಕಳೆ ಎದ್ದಾಗಿದ್ದರೆ ನೆಲಕ್ಕೆ ಮತ್ತೆ ಅಟ್ರಾಜಿನ್ ಸುರಿಯಬೇಡಿ. ಎಡೆಕುಂಟೆ ಹೊಡೆಯಿರಿ. ಅದು ಕಳೆ ಕೀಳುವುದರ ಜೊತೆಗೆ ಮೇಲೆ ಕೂತ ಗೊಬ್ಬರವನ್ನೂ ಒಳಗೆ ತಿರುವುತ್ತದೆ. ಎತ್ತು, ಆಳು ಸಿಗದಿದ್ದರೆ ಮೆಕ್ಕೆಜೋಳಕ್ಕೆ ಎಲೆಯ ಮೇಲೆ ಹೊಡೆಯುವ ಟೆಂಬೊಟ್ರಯೋನ್, ಟೊಪ್ರಮೆಜೋನ್‌ನಂಥವು ಇವೆ. ಕಳೆ ಎರಡರಿಂದ ನಾಲ್ಕು ಎಲೆ ಇರುವಾಗಲೇ ಹೊಡೆಯಬೇಕು, ಮಣ್ಣಿನ ಗೊಬ್ಬರ ಅಲ್ಲಿ ಹೆಚ್ಚು ಅಡ್ಡಿ ಮಾಡುವುದಿಲ್ಲ.

ಮುಂದಿನ ಹಂಗಾಮಿಗೆ ಚೆನ್ನಾಗಿ ಕಳಿತ ಗೊಬ್ಬರವನ್ನು ಬಿತ್ತನೆಗೆ ಮೂರು ನಾಲ್ಕು ವಾರ ಮುಂಚೆಯೇ ಎರಚಿ, ನೇಗಿಲು ಹೊಡೆದು ಆಳಕ್ಕೆ ಕಳಿಸಿ. ರೋಟವೇಟರ್ ಒಂದನ್ನೇ ನಂಬಿದರೆ ಅದು ಮೇಲಿನ ನಾಲ್ಕು ಇಂಚಿನಲ್ಲೇ ಕಲಸುತ್ತದೆ. ಗುಡ್ಡೆ ಹಾಕಿ ವಾರಗಟ್ಟಲೆ ಬಿಡಬೇಡಿ. ಬಿತ್ತಿದ ಮೇಲೆ ಹೆಂಟೆ ಇಲ್ಲದ, ಹಸಿ ಇರುವ ನೆಲಕ್ಕೆ ಎಕರೆಗೆ 200 ಲೀಟರ್‌ಗೆ ಕಡಿಮೆ ಇಲ್ಲದಂತೆ ನೀರು ಬಳಸಿ ಹೊಡೆಯಿರಿ. ಮೆಕ್ಕೆಜೋಳಕ್ಕೆ ಶೇ 50ರ ಅಟ್ರಾಜಿನ್ ಲೇಬಲ್ಲಿನ ಪ್ರಕಾರ ಎಕರೆಗೆ 400ರಿಂದ 800 ಗ್ರಾಂ. ಎರೆ ಭೂಮಿ, ಗೊಬ್ಬರ ಜಾಸ್ತಿ ಇರುವ ಹೊಲಕ್ಕೆ ಮೇಲಿನ ಅಳತೆ ಹಿಡಿಯಬಹುದು, ತೆಳು ಮಣ್ಣಿಗೆ ಕೆಳಗಿನದು. 800 ದಾಟಿಸಬೇಡಿ. ಗೊಬ್ಬರ ಮೇಲೇ ಉಳಿದ ಹೊಲಕ್ಕೆ ಆ ವರ್ಷ ನೆಲದ ಔಷಧಿಯನ್ನೇ ಬಿಟ್ಟು ಎಡೆಕುಂಟೆಗೆ ಖರ್ಚು ಮಾಡುವುದು ನನ್ನ ಪ್ರಕಾರ ಲಾಭ.

ಗೊಬ್ಬರವೇ ಔಷಧಿ ಹೊತ್ತು ತಂದರೆ

ಅಪರೂಪ, ಆದರೆ ಆಗಿದೆ. ಬ್ರಿಟನ್ನಿನಲ್ಲಿ ಅಮಿನೊಪೈರಾಲಿಡ್ ಅನ್ನುವ ಕಳೆನಾಶಕ ಹೊಡೆದ ಹುಲ್ಲನ್ನು ದನಗಳು ತಿಂದವು. ಔಷಧಿ ಸೆಗಣಿಯಲ್ಲಿ ಹಾಗೇ ಹೊರಬಂತು, ತಿಪ್ಪೆಯಲ್ಲೂ ಕರಗಲಿಲ್ಲ. ಆ ಗೊಬ್ಬರ ಹಾಕಿದ ತೋಟಗಳಲ್ಲಿ ಟೊಮೇಟೊ, ಬೀನ್ಸ್ ಸೊಟ್ಟಗಾದವು. 2008ರಲ್ಲಿ ಅದರ ಮಾರಾಟವನ್ನೇ ಅಲ್ಲಿ ಕೆಲಕಾಲ ನಿಲ್ಲಿಸಬೇಕಾಯಿತು. ಗುರುತು ಸುಲಭ: ಎಳೆ ಎಲೆ ಬಟ್ಟಲಿನ ಹಾಗೆ ಮಡಚಿ, ಕಾಂಡ ತಿರುಚಿಕೊಂಡಿರುತ್ತದೆ. 2,4-ಡಿ ಕಳೆನಾಶಕ ಗಾಳಿಯಲ್ಲಿ ಹಾರಿ ಬಂದರೂ ಹೀಗೇ ಕಾಣುತ್ತದೆ, ಆದರೆ ಆಗ ಗಾಳಿ ಬಂದ ಬದಿಯ ಸಾಲುಗಳು ಜಾಸ್ತಿ ಕೆಟ್ಟಿರುತ್ತವೆ. ಗೊಬ್ಬರದ್ದಾದರೆ ಗೊಬ್ಬರ ಬಿದ್ದಲ್ಲೆಲ್ಲಾ ಇರುತ್ತದೆ.

ಹೊರಗಿನಿಂದ ಲೋಡುಗಟ್ಟಲೆ ಗೊಬ್ಬರ ಕೊಳ್ಳುವವರು ಮೊದಲ ಲೋಡಿನಿಂದ ಒಂದು ಬುಟ್ಟಿ ತೆಗೆದು, ಅದರಷ್ಟೇ ಒಳ್ಳೆ ಮಣ್ಣು ಬೆರೆಸಿ ಅಲಸಂದೆ ಅಥವಾ ಟೊಮೇಟೊ ಹಾಕಿ. ಪಕ್ಕದಲ್ಲಿ ನಿಮ್ಮದೇ ತಿಪ್ಪೆಯ ಗೊಬ್ಬರದಲ್ಲಿ ಅದೇ ಬೀಜ ಬೆಳೆಸಿ. ಮೂರು ವಾರಕ್ಕೆ ಎರಡರ ಹೊಸ ಎಲೆಗಳನ್ನು ಪಕ್ಕಪಕ್ಕ ಹಿಡಿದು ನೋಡಿ. ಕೊಂಡ ಗೊಬ್ಬರದ ಸಸಿಯ ಎಲೆ ಮಾತ್ರ ಮಡಚಿದ್ದರೆ ಉಳಿದ ಲೋಡು ಇಳಿಸಿಕೊಳ್ಳಬೇಡಿ.